ಬಾಕ್ಸ್ ಬಂತು, ನೆಟ್ ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆ ಪಕ್ಕದ ಫೈಬರ್ ಬಾಕ್ಸ್‌ಗಳ ಬಗ್ಗೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಬಂದಿವೆ. ಕೆಲವರಿಗೆ ಬಾಕ್ಸ್ ಬೇಕು, ಕೆಲವರಿಗೆ ಬೇಡ, ಇನ್ನು ಕೆಲವರಿಗೆ ಬಾಕ್ಸ್ ಇದ್ದೂ ಪ್ರಯೋಜನ ಇಲ್ಲ. ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ನಮ್ಮೂರ ಬಸ್ ಸ್ಟಾಪ್ ಹತ್ತಿರ ಬೇಸಿಗೆಯಲ್ಲೇ ಸಿಮೆಂಟ್ ಕಟ್ಟೆ ಕಟ್ಟಿ ದೊಡ್ಡ ಬಾಕ್ಸ್ ಕೂರಿಸಿ ಹೋದರು. ಮಳೆಗಾಲ ಮುಗೀತಾ ಬಂತು, ಒಂದು ಮನೆಗೂ ಕನೆಕ್ಷನ್ ಇಲ್ಲ. ಕೇಳಿದರೆ ‘ಮೇಲಿಂದ ಆಗಬೇಕು’ ಅಂತಾರೆ. ಏನು ಆಗಬೇಕು ಸಾರ್? (ಮೂಡಿಗೆರೆ ತಾಲ್ಲೂಕಿನ ಓದುಗರು)

ಮೊದಲು ಆ ಬಾಕ್ಸ್ ಯಾವ ಜಾತಿಯದ್ದು ಅಂತ ನೋಡಿ. ಇವುಗಳಲ್ಲಿ ಎರಡು ತರ. ಒಂದರಲ್ಲಿ ಬರೀ ಸ್ಪ್ಲಿಟರ್ ಮತ್ತು ಜಾಯಿಂಟ್ ಇರುತ್ತವೆ. ಒಂದು ಎಳೆಯಲ್ಲಿ ಬಂದ ಬೆಳಕನ್ನು ಎಂಟೋ ಹದಿನಾರೋ ಎಳೆಗೆ ಹಂಚುವುದಷ್ಟೇ ಅದರ ಕೆಲಸ, ಅದಕ್ಕೆ ಕರೆಂಟೇ ಬೇಡ. ಇನ್ನೊಂದರಲ್ಲಿ ಮನೆಗಳ ಲೈನಿಗೆಲ್ಲ ಬೆಳಕು ಕಳಿಸುವ ಓಎಲ್‌ಟಿ ಅನ್ನೋ ಯಂತ್ರ ಇರುತ್ತದೆ, ಜೊತೆಗೆ ಬ್ಯಾಟರಿ, ಚಾರ್ಜರ್, ಫ್ಯಾನ್. ಪಕ್ಕದಲ್ಲಿ ಗಾಳಿಕಿಂಡಿ ಇದ್ದು, ಹಿಂದೆ ಅಥವಾ ಬದಿಯಲ್ಲಿ ಮೀಟರ್ ಕೂರಿಸುವ ಜಾಗ ಬಿಟ್ಟಿದ್ದರೆ ಅದು ಎರಡನೇ ತರದ್ದು.

ನೀವು ‘ದೊಡ್ಡ ಬಾಕ್ಸ್’ ಅಂತ ಬರೆದಿದ್ದೀರಿ, ಹಾಗಾಗಿ ಇದು ಓಎಲ್‌ಟಿ ಬಾಕ್ಸೇ ಇರಬೇಕು. ಹಾಗಿದ್ದರೆ ನಿಮ್ಮ ತಡಕ್ಕೆ ಮೊದಲು ಅನುಮಾನ ಪಡಬೇಕಾದ್ದು ಕರೆಂಟ್ ಕನೆಕ್ಷನ್ ಮೇಲೆ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂ ವ್ಯಾಪ್ತಿ, ಹಾಸನ ಚೆಸ್ಕಾಂ ವ್ಯಾಪ್ತಿ. ಎಲ್ಲೇ ಆದರೂ ದಾರಿ ಒಂದೇ: ಅರ್ಜಿ, ಎಸ್ಟಿಮೇಟ್, ಹಣ ಕಟ್ಟುವುದು, ಮೀಟರ್, ಆಮೇಲೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿ ಬರುವ ಕನೆಕ್ಷನ್ ನಂಬರ್). ಹತ್ತಿರದ ಕಂಬ ದೂರ ಇದ್ದರೆ ನಡುವೆ ಹೊಸ ಕಂಬ ನೆಡಬೇಕು, ಅದರ ಖರ್ಚು ಯಾರದ್ದು ಅನ್ನೋ ಕಡೆ ಫೈಲು ನಿಂತುಬಿಡುತ್ತದೆ. ಬಾಕ್ಸ್ ಕೂರಿಸುವ ಗುತ್ತಿಗೆದಾರ ಬೇರೆ, ಕೇಬಲ್ ಎಳೆಯುವವರು ಬೇರೆ, ಕರೆಂಟ್‌ಗೆ ಅರ್ಜಿ ಹಾಕಬೇಕಾದವರು ಬೇರೆ. ಕೂರಿಸಿದವನ ಬಿಲ್ಲು ಪಾಸಾಯಿತು ಅಂದರೆ ಅವನು ಆ ಕಡೆ ತಿರುಗಿಯೂ ನೋಡಲ್ಲ ಅನ್ನೋದು ನನ್ನ ಅನುಮಾನ.

ಇನ್ನೊಂದು ಕಾರಣ, ತಾಲ್ಲೂಕು ಕೇಂದ್ರದಿಂದ ಬರಬೇಕಾದ ಕೇಬಲ್ ಇನ್ನೂ ಜೋಡಣೆ ಆಗಿಲ್ಲದಿರುವುದು. ಕಟ್ಟೆ ಬುಡದಲ್ಲಿ ಕಪ್ಪು ಕೇಬಲ್ ಸುರುಳಿ ಸುತ್ತಿಟ್ಟು, ತುದಿಗೆ ಟೇಪೋ ಪ್ಲಾಸ್ಟಿಕ್ ಕವರೋ ಕಟ್ಟಿದ್ದರೆ ಆ ತುದಿಯನ್ನು ಇನ್ನೂ ಯಾರೂ ಮುಟ್ಟಿಲ್ಲ ಅಂತಲೇ ಲೆಕ್ಕ. ಆ ಟೇಪ್ ಸಡಿಲವಾಗಿ ಮಳೆ ನೀರು ಒಳಗೆ ಹೋಗಿದ್ದರೆ ಸ್ಪ್ಲೈಸಿಂಗ್, ಅಂದರೆ ಎಳೆಗೆ ಎಳೆ ಬೆಸೆಯುವ ಕೆಲಸ ಮಾಡುವ ಹುಡುಗರು ಬಂದಾಗ ಮೀಟರುಗಟ್ಟಲೆ ಕತ್ತರಿಸಿ ಬಿಸಾಕಬೇಕಾಗುತ್ತದೆ. ಸುರುಳಿಯಲ್ಲಿ ಅಷ್ಟು ಉದ್ದ ಉಳಿದಿರಬೇಕಲ್ಲ?

ಹಾಗಾಗಿ ‘ಯಾವಾಗ ಕೊಡ್ತೀರಿ’ ಅಂತ ಕೇಳಬೇಡಿ, ಅದಕ್ಕೆ ‘ಮುಂದಿನ ವಾರ’ ಅನ್ನೋ ಉತ್ತರ ರೆಡಿ ಇರುತ್ತದೆ. ‘ಈ ಬಾಕ್ಸಿನ ಆರ್‌ಆರ್ ನಂಬರ್ ಎಷ್ಟು?’ ಅಂತ ಕೇಳಿ. ನಂಬರ್ ಇಲ್ಲ ಅಂದರೆ ಕರೆಂಟಿನ ಕೆಲಸ ಮುಗಿದಿಲ್ಲ. ನಂಬರ್ ಇದ್ದರೆ ‘ಕೇಬಲ್ ಎಲ್ಲಿವರೆಗೆ ಜೋಡಣೆ ಆಗಿದೆ?’ ಅಂತ ಕೇಳಿ. ಸರ್ಕಾರಿ ಯೋಜನೆಯ ಬಾಕ್ಸ್ ಆಗಿದ್ದರೆ ಇದನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೇಂದ್ರದ ಸಂಸ್ಥೆಗಳಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು.

ಪಂಚಾಯಿತಿ ಆಫೀಸಿಗೆ ಫೈಬರ್ ಬಂದು ವರ್ಷಗಳೇ ಆಯ್ತು. ಅಲ್ಲಿಂದ ನಮ್ಮ ಮನೆ ಕೂಗಳತೆ ದೂರ. ಆದರೂ ಇಲ್ಲಿಗೆ ಕೊಡೋಕೆ ಆಗಲ್ಲ ಅಂತಾರೆ, ಸುಮ್ನೆ ಸಬೂಬು ಅಲ್ವಾ? (ಅರಕಲಗೂಡು)

ಪೂರ್ತಿ ಸಬೂಬು ಅಲ್ಲ. ಪಂಚಾಯಿತಿಗಳಿಗೆ ಫೈಬರ್ ಎಳೆಯಲು 2011ರಲ್ಲಿ ಒಪ್ಪಿಗೆ ಸಿಕ್ಕಿದ ಕೇಂದ್ರದ ಯೋಜನೆಗೆ ಆಮೇಲೆ ಭಾರತ್‌ನೆಟ್ ಅಂತ ಹೆಸರಾಯಿತು. ಅದರ ಮೊದಲ ಹಂತದ ಗುರಿಯೇ ಪಂಚಾಯಿತಿಗೆ ಒಂದು ಲೈನ್ ಮುಟ್ಟಿಸುವುದು. ಓಎಲ್‌ಟಿ ಇದ್ದದ್ದು ತಾಲ್ಲೂಕು ಮಟ್ಟದ ಎಕ್ಸ್‌ಚೇಂಜಿನಲ್ಲಿ, ಪಂಚಾಯಿತಿಯಲ್ಲಿ ಕೂರಿಸಿದ್ದು ಬರೀ ಲೈನಿನ ಕೊನೆಯ ಪೆಟ್ಟಿಗೆ. ಅದರಿಂದ ಊರಿಗೆಲ್ಲ ಫೈಬರ್ ಹಂಚಲು ಆಗಲ್ಲ. ಜೊತೆಗೆ ಲೈನ್ ಒಂದೇ ದಾರಿಯಲ್ಲಿ ಬರುತ್ತಿತ್ತು, ನಡುವೆ ಎಲ್ಲಿ ಕಡಿದರೂ ಅದರ ಆಚೆಗಿನ ಪಂಚಾಯಿತಿಗಳೆಲ್ಲ ಬಂದ್.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಪಂಚಾಯಿತಿಗಳನ್ನು ರಿಂಗ್ ತರ ಜೋಡಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಹಳ್ಳಿ ಮನೆಗಳಿಗೆ 1.5 ಕೋಟಿ ಕನೆಕ್ಷನ್ ಕೊಡುವ ಗುರಿಯೂ ಅದರಲ್ಲೇ ಇದೆ. ಈಗ ಅಲ್ಲಲ್ಲಿ ಹೊಸ ಬಾಕ್ಸ್, ಹೊಸ ಅಗೆತ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ. ನೀವು ಪಿಡಿಒ ಹತ್ತಿರ ವಿಚಾರಿಸಬೇಕಾದ್ದು ಪಂಚಾಯಿತಿಗೆ ಹೊಸ ಹಂತದ ಉಪಕರಣ ಬಂದಿದೆಯಾ ಅಂತ. ಹಳೇ ಪೆಟ್ಟಿಗೆಯೇ ಇದ್ದರೆ ಕೂಗಳತೆ ದೂರದಲ್ಲಿದ್ದೂ ಪ್ರಯೋಜನ ಇಲ್ಲ.

ಮನೆಯಲ್ಲಿ ಯುಪಿಎಸ್ ಇದೆ, ಮೋಡೆಮ್ ಆನ್ ಇರುತ್ತೆ. ಆದರೂ ಕರೆಂಟ್ ಹೋದ ಎರಡು ಗಂಟೆಗೆ ನೆಟ್ ಸತ್ತುಹೋಗುತ್ತೆ. ಮಗಳು ಮನೆಯಿಂದ ಕೆಲಸ ಮಾಡ್ತಾಳೆ, ಮಳೆಗಾಲ ಪೂರ್ತಿ ಇದೇ ಗೋಳು. (ಸಕಲೇಶಪುರ)

ನಿಮ್ಮ ಮನೆಯ ಯುಪಿಎಸ್ ಏನು ಮಾಡೀತು ಪಾಪ, ಸತ್ತಿರುವುದು ಬಾಕ್ಸಿನೊಳಗಿನ ಬ್ಯಾಟರಿ.

ಲೆಕ್ಕ ನೋಡಿ. ಇಂಥ ಉಪಕರಣಗಳು ಸಾಮಾನ್ಯವಾಗಿ 48 ವೋಲ್ಟಿನಲ್ಲಿ ನಡೆಯುತ್ತವೆ, ಅಂದರೆ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ. ಒಂದೊಂದೂ 100 ಆಂಪಿಯರ್ ಅವರ್‌ನದ್ದು ಅಂತ ಇಟ್ಟುಕೊಂಡರೆ ಒಟ್ಟು 4,800 ವಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 2,400. ಒಳಗಿನ ಯಂತ್ರ 100 ವಾಟ್ ಎಳೆದರೆ ಇಡೀ ಒಂದು ದಿನ ನಡೆಯಬೇಕು! ಕಾಗದದ ಮೇಲೆ ಎಲ್ಲಾ ಸರಿ ಇದೆ, ಅಲ್ವಾ?

ನಿಮ್ಮ ಕಡೆ ಆಗುವುದೇ ಬೇರೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಬೆಳಿಗ್ಗೆ ಹೋದ ಕರೆಂಟ್ ರಾತ್ರಿ ಬರುತ್ತದೆ, ಒಂದೆರಡು ಗಂಟೆ ಇದ್ದು ಮತ್ತೆ ಹೋಗುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ. ಅದರ ಮೇಲೆ ಲೈನಿನ ಕೊನೆಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ಕಮ್ಮಿ, ಎಷ್ಟೋ ಸಲ ಚಾರ್ಜರ್ ಆನೇ ಆಗಲ್ಲ. ಅರೆಬರೆ ತುಂಬಿದ ಬ್ಯಾಟರಿ ವಾರಗಟ್ಟಲೆ ಹಾಗೇ ಇದ್ದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದರ ಶಕ್ತಿ ಕುಗ್ಗುತ್ತದೆ. ಇಂಥ ಮಳೆಗಾಲ ಒಂದೆರಡು ಕಳೆದರೆ 24 ಗಂಟೆ ಬರಬೇಕಾದ್ದು ಎರಡು ಗಂಟೆಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಬಾಕ್ಸಿನ ಬ್ಯಾಟರಿಯನ್ನು ಬಯಲುಸೀಮೆಯ ಲೆಕ್ಕದಲ್ಲಿ ಬದಲಾಯಿಸುತ್ತೇವೆ ಅನ್ನುವವರನ್ನು ಒಪ್ಪಬೇಡಿ.

ಏನು ಮಾಡಬಹುದು ಅಂದರೆ, ಬಾಕ್ಸಿಗೆ ಹೊರಗಿಂದ ಜನರೇಟರ್ ಕೊಡುವ ಪಾಯಿಂಟ್ ಮತ್ತು ಚೇಂಜ್‌ಓವರ್ ಸ್ವಿಚ್ ಹಾಕಿಸಿ ಅಂತ ಊರಿನ ಗ್ರಾಹಕರೆಲ್ಲ ಸೇರಿ ಬರೆದು ಕೊಡಿ. ದೊಡ್ಡ ಖರ್ಚೇನಲ್ಲ. ನಿಮ್ಮಲ್ಲಿ ಪ್ರತಿ ಎಸ್ಟೇಟಿನಲ್ಲೂ ಒಂದು ಜನರೇಟರ್ ಇದ್ದೇ ಇರುತ್ತದೆ, ದಿನಕ್ಕೆ ನಾಲ್ಕು ಗಂಟೆ ಓಡಿಸಿದರೂ ಬ್ಯಾಟರಿ ಉಸಿರಾಡುತ್ತದೆ. ಆದರೆ ಕಂಪನಿಯವರು ಬರೆದು ಒಪ್ಪದೆ ನೀವೇ ಬಾಗಿಲು ತೆಗೆದು ವೈರ್ ಸಿಕ್ಕಿಸಲು ಹೋಗಬೇಡಿ. ಬಾಕ್ಸ್ ಪಂಚಾಯಿತಿ ಕಟ್ಟಡದ ಒಳಗಿದ್ದರೆ ಇನ್ನೊಂದು ವಿಷಯ ನೋಡಿ: ಅದರ ಬ್ಯಾಟರಿಗೇ ಆಫೀಸಿನ ಕಂಪ್ಯೂಟರ್, ಫ್ಯಾನ್ ಎಲ್ಲಾ ಸಿಕ್ಕಿಸಿರುವುದೂ ಉಂಟು.

ದೂರನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಅವರು ಕೊಡುವ ದೂರಿನ ನಂಬರ್ (ಡಾಕೆಟ್ ನಂಬರ್) ಬರೆದಿಟ್ಟುಕೊಳ್ಳಿ. ಆ ನಂಬರ್ ಇದ್ದರೆ ಮಾತ್ರ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಬರುತ್ತದೆ. ದೂರಸಂಪರ್ಕ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಅಂಥದ್ದೊಂದು ಇರಲೇಬೇಕು.

ಮಳೆ ಜೋರಾದರೆ ಮೋಡೆಮ್‌ನಲ್ಲಿ ಕೆಂಪು ಲೈಟ್. ಬಿಸಿಲು ಬಂದ ಮೇಲೆ ತಾನಾಗೇ ಸರಿ ಹೋಗುತ್ತೆ. ಫೈಬರ್ ಗಾಜಿನದ್ದು, ಗಾಜಿಗೆ ನೀರು ಏನು ಮಾಡುತ್ತೆ? (ಶೃಂಗೇರಿ, ಕೊಪ್ಪ, ಕಳಸದಿಂದ ಬಂದ ಪತ್ರಗಳು)

ಗಾಜಿನ ಎಳೆಗೆ ನೀರು ತಕ್ಷಣ ಏನೂ ಮಾಡಲ್ಲ. ತೊಂದರೆ ಇರುವುದು ಎಳೆ ಎಳೆಗೆ ಸೇರುವ ಕಡೆ. ಫೈಬರಿನಲ್ಲಿ ಬೆಳಕು ಓಡುವ ಒಳಭಾಗದ ಅಗಲ ಸುಮಾರು 9 ಮೈಕ್ರಾನ್, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಎರಡು ಕನೆಕ್ಟರ್ ಮುಖಾಮುಖಿ ಕೂರುವ ಜಾಗದಲ್ಲಿ ಒಂದು ಹನಿ ತೇವ, ಒಂದು ಧೂಳಿನ ಕಣ ಕೂತರೆ ಬೆಳಕಿನಲ್ಲಿ ಒಂದು ಪಾಲು ಅಲ್ಲೇ ಖರ್ಚು.

ಎಷ್ಟು ಖರ್ಚಾದರೆ ಕೆಂಪು ಲೈಟ್ ಬರುತ್ತದೆ? ಹಳ್ಳಿಗಳಲ್ಲಿ ಹೆಚ್ಚಾಗಿ ಬಳಸುವ, ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಜಿಪಾನ್ ಪದ್ಧತಿಯಲ್ಲಿ ಓಎಲ್‌ಟಿಯಿಂದ ಮನೆವರೆಗೆ ಒಟ್ಟು 28 ಡೆಸಿಬೆಲ್ (ಬೆಳಕಿನ ನಷ್ಟ ಅಳೆಯುವ ಮಾನ) ನಷ್ಟ ತಡೆದುಕೊಳ್ಳುವ ಲೆಕ್ಕ ಇಟ್ಟಿರುತ್ತಾರೆ. 64 ಮನೆಗೆ ಹಂಚಲು ಎಂಟರ ಸ್ಪ್ಲಿಟರ್ ಎರಡು ಕಡೆ ಹಾಕಿದರೆ ಅಲ್ಲಿಗೇ 21 ಹೋಯಿತು. ಹತ್ತು ಕಿಲೋಮೀಟರ್ ಕೇಬಲ್‌ಗೆ ಇನ್ನೊಂದು ಮೂರೂವರೆ. ಜಾಯಿಂಟ್, ಕನೆಕ್ಟರ್ ಎಲ್ಲಾ ಸೇರಿ ಎರಡು. ಒಟ್ಟು 26.5. ಉಳಿದದ್ದು ಒಂದೂವರೆ! ಬೇಸಿಗೆಯಲ್ಲಿ ಅಷ್ಟರಲ್ಲೇ ಸುಖವಾಗಿ ನಡೆಯುತ್ತದೆ, ಬಾಕ್ಸಿನೊಳಗೆ ತೇವ ಬಂದ ದಿನ ಆ ಒಂದೂವರೆಯೂ ಹೋಗುತ್ತದೆ.

ನಿಮ್ಮ ಮೋಡೆಮ್‌ನ ಸೆಟ್ಟಿಂಗ್ ಪೇಜಿನಲ್ಲಿ ಆರ್‌ಎಕ್ಸ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಮೋಡೆಮ್‌ಗೆ ಬಂದು ಮುಟ್ಟುವ ಬೆಳಕಿನ ಅಳತೆ ಅದು. ಅದು ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚಿಂತೆ ಇಲ್ಲ. ಮೈನಸ್ 27ರ ಹತ್ತಿರ ಬಂದರೆ ಅಂಚಿಗೆ ಬಂದಂತೆ. ಬಿಸಿಲಿದ್ದ ದಿನ ಒಂದು ಸಲ, ಮಳೆ ಹಿಡಿದ ದಿನ ಕೆಂಪು ಲೈಟ್ ಬರುವ ಮುಂಚೆ ಒಂದು ಸಲ ಫೋಟೊ ತೆಗೆದಿಟ್ಟುಕೊಳ್ಳಿ. ಎರಡರ ನಡುವೆ ಮೂರು ನಾಲ್ಕು ಡೆಸಿಬೆಲ್ ವ್ಯತ್ಯಾಸ ಕಂಡರೆ ನೀರು ಎಲ್ಲೋ ಒಳಗೆ ಬರುತ್ತಿದೆ ಅಂತ ಗಟ್ಟಿಯಾಗಿ ಹೇಳಬಹುದು, ಆಗ ಲೈನಿನ ಹುಡುಗರು ‘ಮೋಡೆಮ್ ಚೇಂಜ್ ಮಾಡಿ’ ಅಂತ ಹೇಳಿ ಜಾರಿಕೊಳ್ಳೋಕೆ ಆಗಲ್ಲ.

ಒಳಗೆ ಎಲ್ಲಿಂದ ಬರುತ್ತದೆ? ಬಾಗಿಲಿನ ರಬ್ಬರ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಅದಕ್ಕಿಂತ ಜಾಸ್ತಿ ತಂಟೆ ತಳದಲ್ಲಿ. ಬಾಕ್ಸಿನ ತಳದಲ್ಲಿ ಕೇಬಲ್ ಬರಲು ಸಾಲು ತೂತುಗಳಿರುತ್ತವೆ. ಆರು ತೂತಿನಲ್ಲಿ ಎರಡಕ್ಕೆ ಕೇಬಲ್ ಬಂದಿರುತ್ತದೆ, ಉಳಿದ ನಾಲ್ಕಕ್ಕೆ ಮುಚ್ಚಳ ಹಾಕಿರಲ್ಲ. ಅದರ ಕೆಳಗೆ ಮಣ್ಣು, ಮಣ್ಣಿನಲ್ಲಿ ತೇವ. ರಾತ್ರಿ ತಣ್ಣಗಾದಾಗ ಆ ತೇವ ಮೇಲೆದ್ದು ತಗಡಿನ ಒಳಮೈಯಲ್ಲಿ ಹನಿಗಟ್ಟಿ, ಎಳೆಗಳನ್ನು ಜೋಡಿಸಿಟ್ಟ ಟ್ರೇ ಮೇಲೆ ನೇರ ತೊಟ್ಟಿಕ್ಕುತ್ತದೆ. ಹೊರಗಿಂದ ನೋಡಿದರೆ ಬಾಕ್ಸ್ ಒಣಗಿದ ಹಾಗೇ ಇರುತ್ತದೆ. ಅದೇ ತೂತಿನಿಂದ ಇರುವೆಗಳು ಒಳಗೆ ಬಂದು ಸ್ಪ್ಲಿಟರ್ ಟ್ರೇಯಲ್ಲಿ ಮಣ್ಣು ತುಂಬಿ ಗೂಡು ಮಾಡುತ್ತವೆ, ಎಳೆಗಳು ಮಣ್ಣಿನ ಭಾರಕ್ಕೆ ಬಾಗುತ್ತವೆ. ಬಾಗಿದ ಕಡೆ ಮತ್ತೆ ಬೆಳಕು ನಷ್ಟ. ಬಾಕ್ಸ್ ಕೂರಿಸುವ ದಿನ ನೀವು ಅಲ್ಲಿದ್ದರೆ ಬೇರೆ ಏನೂ ನೋಡಬೇಕಾಗಿಲ್ಲ, ಖಾಲಿ ತೂತುಗಳನ್ನೆಲ್ಲ ಮುಚ್ಚಿದರಾ ಅಂತ ನೋಡಿ. ಮತ್ತೆ ಕಟ್ಟೆ ಎತ್ತರ. ಒಂದು ಅಡಿ ಕಟ್ಟೆ ಮಳೆ ಕಮ್ಮಿ ಇರುವ ಕಡೂರಿಗೆ ಸಾಕು, ಶೃಂಗೇರಿಗೆ ಸಾಲದು. ಧರೆ (ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆ) ಬುಡದಲ್ಲಿ, ಚರಂಡಿ ತಿರುವಿನಲ್ಲಿ ಬಾಕ್ಸ್ ಇಡುತ್ತೇವೆ ಅಂದರೆ ಅವತ್ತೇ ತಡೆಯಿರಿ. ಧರೆ ಕುಸಿದರೆ ಬಾಕ್ಸೂ ಹೋಗುತ್ತದೆ, ಕಟ್ಟೆಯೂ ಹೋಗುತ್ತದೆ.

ನಮ್ಮದು ಅರಸೀಕೆರೆ ಕಡೆ, ಮಳೆ ಸಮಸ್ಯೆ ಇಲ್ಲ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮಾತ್ರ ನೆಟ್ ಹೋಗಿ ಬಂದು ಮಾಡುತ್ತೆ.

ಸೆಕೆ. ಬಾಕ್ಸಿನ ಬಾಗಿಲು ಪಶ್ಚಿಮಕ್ಕಿದೆಯಾ ನೋಡಿ, ಫ್ಯಾನಿನ ಜಾಲರಿಯಲ್ಲಿ ಧೂಳು ಕಟ್ಟಿದೆಯಾ ನೋಡಿ. ಜಾಲರಿ ಒರೆಸಿ, ಮೇಲೊಂದು ಶೀಟಿನ ನೆರಳು ಮಾಡಿದರೆ ಹೆಚ್ಚು ಕಮ್ಮಿ ಸರಿ ಹೋಗುತ್ತದೆ. ಇದನ್ನು ಕಂಪನಿಯವರೇ ಮಾಡಬೇಕು.

ನನ್ನ ಸೈಟಿನ ಮುಂದೆ ಬಾಕ್ಸ್ ಇಡಲು ಗುರುತು ಮಾಡಿದ್ದಾರೆ. ನಾಳೆ ಗೇಟ್ ಇಡುವ ಜಾಗ ಅದು. ಬೇಡ ಅನ್ನಬಹುದಾ? ಇಟ್ಟರೆ ಜಾಗ ಅವರದ್ದಾಗುತ್ತಾ? (ಆಲೂರು)

ಗುರುತು ಮಾಡಿರುವುದು ನಿಮ್ಮ ಗಡಿ ಒಳಗಾ, ರಸ್ತೆ ಜಾಗದಲ್ಲಾ? ಮೊದಲು ಅದನ್ನು ಅಳೆಸಿ. 2023ರ ದೂರಸಂಪರ್ಕ ಕಾಯ್ದೆಯಡಿ ಬಂದ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ರಸ್ತೆ, ಸರ್ಕಾರಿ ಜಾಗ ಆದರೆ ಕಂಪನಿಯವರು ಆ ಜಾಗ ಯಾರ ಕೈಯಲ್ಲಿದೆಯೋ ಅವರ ಅನುಮತಿ ಪಡೆಯಬೇಕು: ಪಂಚಾಯಿತಿ, ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿಯವರು. ನಿಮ್ಮ ಖಾಸಗಿ ಜಾಗ ಆದರೆ ನಿಮ್ಮ ಜೊತೆ ಒಪ್ಪಂದ ಮಾಡಿಕೊಳ್ಳಲು ಬರಬೇಕು. ಬಾಕ್ಸ್ ಇಟ್ಟ ಮಾತ್ರಕ್ಕೆ ಜಾಗದ ಮಾಲೀಕತ್ವ ಅವರಿಗೆ ಹೋಗಲ್ಲ, ಆ ಭಯ ಬೇಡ.

ರಸ್ತೆ ಜಾಗದಲ್ಲೇ ಇದ್ದರೂ ನೀವು ಸುಮ್ಮನಿರಬೇಕಾಗಿಲ್ಲ. ಗೇಟಿಗೆ ಅಡ್ಡ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ, ತಿರುವಿನಲ್ಲಿ ಎದುರಿನ ಗಾಡಿ ಕಾಣಲ್ಲ, ಇಂಥ ಕಾರಣ ಬರೆದು ಒಂದು ಸ್ಕೆಚ್ ಜೊತೆ ಪಂಚಾಯಿತಿಗೆ ಕೊಡಿ. ಕಟ್ಟೆ ಹಾಕುವ ಮುಂಚೆ ಹತ್ತು ಅಡಿ ಸರಿಸುವುದು ಯಾರಿಗೂ ಕಷ್ಟವಲ್ಲ. ಕೇಬಲ್ ಜೋಡಣೆ ಆದ ಮೇಲೆ ಸರಿಸಬೇಕು ಅಂದರೆ ಊರೆಲ್ಲ ನೆಟ್ ನಿಲ್ಲಿಸಬೇಕು, ಆಗ ನಿಮ್ಮ ಮಾತು ಯಾರೂ ಕೇಳಲ್ಲ. ಮತ್ತೆ ನಿಮ್ಮ ಕಡೆ ಆನೆ ಓಡಾಟ ಬೇರೆ. ಆನೆ ದಾಟುವ ದಾರಿ ಯಾವುದು ಅಂತ ಸರ್ವೆಗೆ ಬಂದ ಬೆಂಗಳೂರಿನ ಹುಡುಗನಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ಹೇಳಿ.

ಕುಡಿಯುವ ನೀರಿನ ಪೈಪ್ ಹಾಕೋಕೆ ಬಂದ ಜೆಸಿಬಿ ಕೇಬಲ್ ಕಿತ್ತುಹಾಕಿತು. ಸರಿ ಮಾಡಿದ ಮೇಲೆ ರಸ್ತೆ ಕೆಲಸದವರು ಮತ್ತೆ ಕಿತ್ತರು. ಇದಕ್ಕೆ ಕೊನೆಯೇ ಇಲ್ವಾ? (ಬೇಲೂರು)

ಭಾರತ್‌ನೆಟ್ ಕೇಬಲ್‌ಗೆ ಮಾಮೂಲಿ ಮಣ್ಣಿನಲ್ಲಿ 1.65 ಮೀಟರ್ ಆಳ ಅಂತ ಲೆಕ್ಕ. ಅಷ್ಟು ಆಳದಲ್ಲಿದ್ದರೆ ನೀರಿನ ಪೈಪಿನ ಅಗೆತಕ್ಕೆ ಸಿಗುವುದು ಅಪರೂಪ. ಕಲ್ಲು ಸಿಕ್ಕಿದ ಕಡೆ ಆಳ ಕಮ್ಮಿ ಮಾಡಿ ಪೈಪಿನೊಳಗೆ ಹಾಕಿ ಕಾಂಕ್ರೀಟ್ ಮುಚ್ಚಬೇಕು. ಅರ್ಧ ಅಡಿ ಮಣ್ಣಿನ ಕೆಳಗೆ ಬರೀ ಕೇಬಲ್ ಸಿಕ್ಕಿತು ಅಂದರೆ ಜೆಸಿಬಿಯವನನ್ನು ಬೈದು ಪ್ರಯೋಜನ ಇಲ್ಲ.

ಅಗೆಯುವವರು ಮುಂಚೆ ತಿಳಿಸಲಿ ಅಂತಲೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪ್ ಬಂದಿದೆ. ಎಲ್ಲಿ ಅಗೆಯುತ್ತೇವೆ ಅಂತ ಅದರಲ್ಲಿ ಹಾಕಿದರೆ ಅಲ್ಲಿ ಕೇಬಲ್, ಪೈಪ್ ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಅಗೆತಕ್ಕೆ ಅನುಮತಿ ಕೊಡುವಾಗ ಇದರಲ್ಲಿ ಹಾಕಿದ ರಸೀದಿ ತನ್ನಿ ಅಂತ ಕೇಳುವ ಪದ್ಧತಿ ಮಾಡಿಸಿದರೆ ಅರ್ಧ ತಲೆನೋವು ಕಮ್ಮಿ.

ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಬೀದಿ ಬೀದಿಗೂ ಹಸಿರು ಬಾಕ್ಸ್, ಎಲ್ಲಾ ಸಲೀಸು ಅಂತಾನೆ. ನಮಗೇ ಏಕೆ ಹೀಗೆ? (ಚಿಕ್ಕಮಗಳೂರು)

ಅಲ್ಲೂ ಸಲೀಸಾಗಿ ಆದದ್ದಲ್ಲ. ಆ ಹಸಿರು ಬಾಕ್ಸಿನ ಪದ್ಧತಿಯಲ್ಲಿ ಫೈಬರ್ ಬರುವುದು ಬಾಕ್ಸ್‌ವರೆಗೆ ಮಾತ್ರ, ಅಲ್ಲಿಂದ ಮನೆಗೆ ಹಳೇ ಟೆಲಿಫೋನಿನ ತಾಮ್ರದ ತಂತಿ. ಬಾಕ್ಸಿನಿಂದ ದೂರ ಹೋದಷ್ಟೂ ವೇಗ ಬೀಳುತ್ತದೆ, ಒಂದು ಕಿಲೋಮೀಟರ್ ದಾಟಿದ ಹಳ್ಳಿ ಮನೆಗೆ ಬಾಕ್ಸ್ ಇದ್ದೂ ಅಷ್ಟಕ್ಕಷ್ಟೆ. ಆ ಬಾಕ್ಸಿಗೂ ಕರೆಂಟ್ ಬೇಕು, ಅಲ್ಲೂ ಅದಕ್ಕೆ ಕಾದಿದ್ದಾರೆ. ಮಣ್ಣು ತುಂಬಿ ಕಟ್ಟಿಕೊಂಡ ಹಳೇ ಕೇಬಲ್ ಪೈಪುಗಳು, ಮನೆ ಮುಂದೆ ಬಾಕ್ಸ್ ಬೇಡ ಅನ್ನುವವರ ತಕರಾರು, ಎಲ್ಲಾ ಇತ್ತು. ಈಗ ಅವರೂ ತಾಮ್ರ ಬಿಟ್ಟು ಮನೆವರೆಗೆ ಫೈಬರ್ ಎಳೆಯುತ್ತಿದ್ದಾರೆ. ನಮ್ಮ ಹಳ್ಳಿಗಳಿಗೆ ಈಗ ಬರುತ್ತಿರುವುದು ನೇರ ಮನೆವರೆಗಿನ ಫೈಬರ್. ಈ ಒಂದು ವಿಷಯದಲ್ಲಿ ತಡವಾಗಿ ಹೊರಟಿದ್ದೇ ನಮಗೆ ಲಾಭ ಅನ್ನಿ.

ಬಾಕ್ಸಿನಿಂದ ರೇಡಿಯೇಶನ್ ಬರುತ್ತಾ? ಪಕ್ಕದಲ್ಲೇ ಅಂಗನವಾಡಿ ಇದೆ. (ತರೀಕೆರೆ)

ಇಲ್ಲ. ಫೈಬರ್ ಬಾಕ್ಸಿನಲ್ಲಿ ಟವರಿನ ತರ ಆಂಟೆನಾ ಇಲ್ಲ, ಬೆಳಕು ಗಾಜಿನ ಎಳೆಯೊಳಗೇ ಓಡುತ್ತದೆ. ಎಚ್ಚರ ಇರಬೇಕಾದ್ದು ಒಂದೇ: ತುಂಡಾದ ಫೈಬರಿನ ತುದಿಯನ್ನು ಮಕ್ಕಳು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಒಳಗೆ ಲೇಸರ್ ಇದ್ದರೂ ಕಣ್ಣಿಗೆ ಕಾಣಲ್ಲ. ಬಾಗಿಲಿಗೆ ಬೀಗ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ.

ಬಾಕ್ಸಿನಿಂದ ನಮ್ಮ ಎಸ್ಟೇಟ್ ಮನೆ ಎರಡು ಕಿಲೋಮೀಟರ್ ಒಳಗೆ. ಇಷ್ಟು ದೂರಕ್ಕೆ ಸಿಗ್ನಲ್ ಬರಲ್ಲ ಅಂತಾರೆ. ಮರದಿಂದ ಮರಕ್ಕೆ ಕಟ್ಟಿಕೊಂಡು ಎಳೆದರೆ ಆಗುತ್ತಾ? (ಬಾಳೆಹೊನ್ನೂರು ಸಮೀಪದ ಓದುಗರು)

ದೂರ ಒಂದು ಕಾರಣವೇ ಅಲ್ಲ. ಎರಡು ಕಿಲೋಮೀಟರಿನಲ್ಲಿ ನಷ್ಟವಾಗುವ ಬೆಳಕು ಒಂದು ಡೆಸಿಬೆಲ್ ಕೂಡ ಇಲ್ಲ. ಅವರಿಗೆ ಬೇಡವಾಗಿರುವುದು ಖರ್ಚು ಮತ್ತು ಆಮೇಲಿನ ರಿಪೇರಿ. ಕೇಬಲ್ ದುಡ್ಡು ನಾನು ಕೊಡುತ್ತೇನೆ, ಲೈನ್ ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ ನೋಡಿ, ಮಾತು ಬದಲಾಗಬಹುದು.

ಮರಕ್ಕೆ ಕಟ್ಟುವ ವಿಷಯ. ಸಿಲ್ವರ್ ಓಕ್ ಗಾಳಿಗೆ ತೂಗುತ್ತದೆ, ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ಎಳೆ ಒಳಗೊಳಗೇ ಮುರಿಯುತ್ತದೆ, ಹೊರಗಿನ ಕವಚಕ್ಕೆ ಏನೂ ಆಗಿರಲ್ಲ. ಸ್ಟೀಲ್ ತಂತಿ ಸೇರಿರುವ ಡ್ರಾಪ್ ಕೇಬಲ್ ತಗೊಳ್ಳಿ. ಕಾಂಡಕ್ಕೆ ಸುತ್ತಬೇಡಿ, ಕೊಕ್ಕೆಗೆ ಸಡಿಲವಾಗಿ ನೇತುಹಾಕಿ. ಅಲ್ಲಲ್ಲಿ ಒಂದೊಂದು ಸುತ್ತು ಹೆಚ್ಚುವರಿ ಬಿಡಿ, ಕೊಂಬೆ ಬಿದ್ದು ತುಂಡಾದಾಗ ಜೋಡಿಸಲು ಬೇಕಾಗುತ್ತದೆ. ಕರೆಂಟ್ ಕಂಬ ಮುಟ್ಟಲೇಬೇಡಿ. ನಿಮ್ಮ ಲೈನಿಗೆ ಗಾಳಿಗಿಂತ ದೊಡ್ಡ ಶತ್ರು ಮರಗಸಿ. ಕೊಂಬೆ ಕಡಿಯುವವರು ಮರ ಹತ್ತಿದಾಗ ಕಪ್ಪು ಕೇಬಲ್ ನೆರಳಿನಲ್ಲಿ ಕಾಣುವುದಿಲ್ಲ. ಹತ್ತಿಪ್ಪತ್ತು ಅಡಿಗೊಂದು ಹಳದಿ ಅಥವಾ ಕೆಂಪು ರಿಬ್ಬನ್ ಕಟ್ಟಿ, ಮರಗಸಿ ಶುರುವಾಗುವ ದಿನ ಮೇಸ್ತ್ರಿಯನ್ನು ಕರೆದುಕೊಂಡು ಲೈನ್ ಉದ್ದಕ್ಕೂ ಒಂದು ಸಲ ನಡೆದು ತೋರಿಸಿ. ಆಗುವುದಾದರೆ ತೋಟದ ರಸ್ತೆ ಪಕ್ಕದಲ್ಲೇ ಪೈಪಿನೊಳಗೆ ಹೂತುಬಿಡಿ. ಮೊದಲು ಖರ್ಚು ಜಾಸ್ತಿ, ಆಮೇಲೆ ಹೆಗ್ಗಣದ ಕಾಟ ಬಿಟ್ಟರೆ ಬೇರೆ ರಗಳೆ ಕಮ್ಮಿ.